ಮೂವತ್ತೊಂದನೆಯ ಪುಟದ ಚುಕ್ಕೆ

ಮನೆ, ಬೀದಿ ಕಡೆಯ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಚೂಟಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ನರ್ಸಿಂಗ್ ಕಲಿಯಲು ಹೋದವಳೇ ಮಾತ್ರೆ ನುಂಗಲು ಮರೆತರೆ ಹೇಗೆ? ಹಾಸ್ಟೆಲಿನ ಕಿಟಕಿಯ ಒಡೆದ ಗಾಜು ಬದಲಿಸಿದರೋ ಇಲ್ಲವೋ ಬರೆ. ನಿನ್ನಪ್ಪ, ಅಮ್ಮ ಕೆಲಸಕ್ಕೆ ಹೋಗಿದ್ದಾರೆ. ನಿನ್ನಜ್ಜಿಯ ಮಂಡಿ ಮೋಡ ಕಟ್ಟುವ ಮುಂಚೆಯೇ ಸುದ್ದಿ ಕೊಡುತ್ತದೆ, ಬೇರೆಲ್ಲ ಗಟ್ಟಿ, ಬಾಯಿ ಇನ್ನೂ ಗಟ್ಟಿ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು ಮೂರು ಸಲ ಅಳಿಸಿದೆ.

ಪರದೆಯ ಅಕ್ಷರ ಸರಿಯಿಲ್ಲ ಎಂದು ನಿನ್ನ ತಲೆ ತಿಂದವನು ನಾನೇ. ನೀನು ಹೊರಡುವ ಮುಂಚೆ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಅದರಲ್ಲಿ ಒಂದಲ್ಲ, ಮೂರು ಡೆಸ್ಕ್‌ಟಾಪ್, ಅಂದರೆ ಪರದೆಗೆ ಮೂರು ವೇಷ ಇಟ್ಟು, 'ಅಜ್ಜಾ, ಮೂರನ್ನೂ ನೋಡು, ಯಾವುದು ಹಿಡಿಸುತ್ತೋ ಅದರಲ್ಲೇ ಕೂತ್ಕೋ' ಅಂದೆ. ನೋಡಿದೆ. ಮೊದಲನೆಯದು ಎಕ್ಸ್‌ಎಫ್‌ಸಿಇ, ಹಗುರ, ಈ ಮುದಿ ಯಂತ್ರವನ್ನೂ ಓಡಿಸಿತು, ಆದರೆ ಅಕ್ಷರ ಮಸುಕು. ಗ್ನೋಮ್ ಆಗತಾನೆ ಸುಣ್ಣ ಹೊಡೆದ ಕೋಣೆ, ಸಾಮಾನೆಲ್ಲ ಎಲ್ಲಿಟ್ಟರೋ ಗೊತ್ತಾಗುವುದಿಲ್ಲ. ಅದರ ಭೂತಗನ್ನಡಿ ಹಿಡಿದರೆ ಅಕ್ಷರ ದೊಡ್ಡದಾಯಿತು, ಅದರ ಸುತ್ತಲಿನ ಮಂಜೂ ದೊಡ್ಡದಾಯಿತು. ಕೆಡಿಇಯಲ್ಲಿ ತಿರುಗಿಸಲು ನೂರೆಂಟು ಕಿವಿ, ನಾನೂ ಹಿಂಡಿದ್ದೇ ಹಿಂಡಿದ್ದು. ಟೈಪು ಮಾಡಲು ಬಳಸುವ ಎಡಿಟರುಗಳ ಕಥೆ ಕೇಳಬೇಡ. ವಿಮ್ ಎಂಬುದು ಒಳಗೆ ಹೋದವನನ್ನು ಹೊರಡಲು ಬಿಡುವುದೇ ಇಲ್ಲ, ನಿನ್ನಜ್ಜಿಯ ತವರಿನವರ ಹಾಗೆ. ನ್ಯಾನೋ ಒಳ್ಳೆಯದು, ಏನು ಒತ್ತಬೇಕೆಂದು ಕೆಳಗೇ ಬರೆದಿಟ್ಟಿದೆ, ಅದನ್ನು ಓದಲಿಕ್ಕೆ ನಿನ್ನಜ್ಜಿಯನ್ನು ಕರೆಯಬೇಕಾಯಿತು. ಕೊನೆಗೆ ಕೆಡಿಇ, ಅದರಲ್ಲಿ ಕೇಟ್ ಎಂಬ ಎಡಿಟರ್, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಒಂದೊಂದೂ ಹೆಬ್ಬೆರಳಿನಷ್ಟು. ಈ ಪತ್ರ ಅದರಲ್ಲೇ, ಸಾಲಿಗೆ ಮೂರು ಪದದಂತೆ ಬರೆಯುತ್ತಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಎರಡು ವಾರದಿಂದ ನೆಲ ಬದಲಾಯಿಸುತ್ತಾ ಕೂತಿದ್ದೇನೆ.

ನಾನೂ ನಿನ್ನಜ್ಜಿಯೂ ಕರಡು ತಿದ್ದುವ ರೀತಿ ನಿನಗೆ ಗೊತ್ತು. ಅವಳು ಮೂಲಪ್ರತಿಯನ್ನು ಗಟ್ಟಿಯಾಗಿ, ಅಲ್ಪವಿರಾಮವನ್ನೂ ಬಿಡದೆ ಓದುತ್ತಾಳೆ, ನಾನು ಅಚ್ಚಾಗಬೇಕಾದ ಪುಟದ ಮೇಲೆ ಕಣ್ಣಿಟ್ಟು 'ಹೂಂ' ಅನ್ನುತ್ತೇನೆ. ಮುದ್ರಣಾಲಯದಲ್ಲಿದ್ದಷ್ಟು ಕಾಲ ಹಾಗೇ, ನಿವೃತ್ತಿಯಾಗಿ ಕೆಲಸ ಮನೆಗೇ ಬರತೊಡಗಿದ ಮೇಲೂ ಹಾಗೇ. ನಾನು ನೋಡಿದ ಪುಟವನ್ನು ಇನ್ನೊಬ್ಬರು ನೋಡುವ ಪದ್ಧತಿ ಅಲ್ಲಿಲ್ಲ. 'ಮೇಷ್ಟ್ರು ನೋಡಿದಾರಲ್ಲ, ಸಾಕು ಬಿಡಿ' ಅನ್ನುತ್ತಾರೆ ಮುದ್ರಣಾಲಯದ ಯಜಮಾನರು. ಹೋದ ವಾರ ಎಳೆ ಮಕ್ಕಳ ತಾಯಂದಿರಿಗೆಂದು ಒಂದು ಕೈಪಿಡಿ ಬಂತು, ಅರವತ್ತನಾಲ್ಕು ಪುಟ. ಅಜ್ಜಿ ಓದಿದಳು, ನಾನು 'ಹೂಂ' ಅಂದೆ. ಪುಟಪುಟಕ್ಕೂ ಅಂದೆ. ಎಲ್ಲ ಸರಿಯಿದೆ ಎಂದು ಬರೆದು ಶುಕ್ರವಾರ ಕಳಿಸಿದೆ.

ನಿನ್ನೆ ಬೆಳಿಗ್ಗೆ ಕೇಟ್ ಸಿದ್ಧವಾದಾಗ, ಅಕ್ಷರದ ಅಳತೆ ನೋಡೋಣವೆಂದು ಅದೇ ಕರಡನ್ನು ತೆರೆದೆ. ಮೂವತ್ತೊಂದನೆಯ ಪುಟ ಬಂತು. ಜ್ವರದ ಔಷಧಿ, ಆರು ತಿಂಗಳ ಮಗುವಿಗೆ, ಇಪ್ಪತ್ತೈದು ಮಿಲಿ. ಎರಡು, ಐದು, ನಡುವೆ ಚುಕ್ಕೆಯಿಲ್ಲ. ಅಜ್ಜಿ ಅದನ್ನು 'ಎರಡು ಪಾಯಿಂಟ್ ಐದು' ಎಂದು ಸ್ಪಷ್ಟವಾಗಿ ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ನೋಡಿ ಹೂಂಗುಟ್ಟಿದ್ದಲ್ಲ ಚೂಟಿ, ಕೇಳಿ ಹೂಂಗುಟ್ಟಿದ್ದು. ಎಷ್ಟು ದಿನದಿಂದ ಹೀಗೆ ಕಿವಿಯಲ್ಲೇ ತಿದ್ದುತ್ತಿದ್ದೇನೋ ನನಗೇ ತಿಳಿಯದು. ಮಕ್ಕಳ ವಾರ್ಡಿನಲ್ಲಿ ಕೆಲಸ ಕಲಿಯುತ್ತಿರುವ ನಿನಗೆ ಇಪ್ಪತ್ತೈದು ಅಂದರೇನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಒಂದು ಪುಟ ಕಂಡಿತು, ಮಿಕ್ಕ ಅರವತ್ತಮೂರರಲ್ಲಿ ಏನೇನಿದೆಯೋ? ಓದಲು ಹೊರಟರೆ ಗಂಟೆಗೆ ಎರಡು ಪುಟವೂ ಸಾಗುವುದಿಲ್ಲ, ಕಣ್ಣಲ್ಲಿ ನೀರು ಸುರಿಯುತ್ತದೆ. ನಾಳೆ ಬೆಳಿಗ್ಗೆ ಅದು ಅಚ್ಚಿನ ಯಂತ್ರಕ್ಕೆ ಹೋಗುತ್ತದೆ. ಯಜಮಾನರಿಗೆ ಹೇಳೋಣವೆಂದು ಫೋನು ಕೈಗೆತ್ತಿಕೊಂಡೆ, ಇಟ್ಟೆ. ಮತ್ತೆ ಎತ್ತಿಕೊಂಡೆ. ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಈ ಕುರ್ಚಿಯಲ್ಲಿ ಮತ್ತೆ ಯಾರಾಗಿ ಕೂರಲಿ? ನಿನ್ನಜ್ಜಿ ಮೂಲಪ್ರತಿ ಹಿಡಿದು ಯಾರ ಎದುರು ಕೂರಬೇಕು? ಅವಳಿಗಿನ್ನೂ ಹೇಳಿಲ್ಲ, ಒಳಗೆ ಬಟ್ಟೆ ಮಡಚುತ್ತಿದ್ದಾಳೆ. ಭಯವಾಗುತ್ತಿದೆ ಮಗಳೇ. ನಿನ್ನೆಯಿಂದ ಫೋನು ಮಾಡುವ ಬದಲು ಮತ್ತೆ ಗ್ನೋಮಿಗೆ ಹೋಗಿ, ಮತ್ತೆ ಇಲ್ಲಿಗೇ ಬಂದು, ಹಿನ್ನೆಲೆಯ ಬಣ್ಣ ಬದಲಿಸುತ್ತಾ ಕೂತಿದ್ದೆ. ನಿನ್ನ ಅಜ್ಜ ಇಷ್ಟು ಪುಕ್ಕಲನೆಂದು ನನಗೇ ಗೊತ್ತಿರಲಿಲ್ಲ.

ಹೊಟ್ಟೆ ತುಂಬ ತಿನ್ನು, ಕೈ ತೊಳೆದುಕೋ, ರೋಗಿಗಳ ಮೇಲೆ ರೇಗಬೇಡ. ನಿನ್ನ ಕೈ ಮುಟ್ಟಿದ ಮಕ್ಕಳೆಲ್ಲ ನೂರು ವರ್ಷ ಬಾಳಲಿ.

ನಿನ್ನ
ಅಜ್ಜ

ಮರೆತಿದ್ದೆ: ಈ ಪತ್ರವನ್ನು ಇಮೇಲಿನಲ್ಲಿ ನಿನ್ನ ಜೊತೆಗೆ ಮುದ್ರಣಾಲಯಕ್ಕೂ ಕಳಿಸುತ್ತಿದ್ದೇನೆ, ಬಾಯಲ್ಲಿ ಹೇಳಲು ಆಗಲಿಲ್ಲ. ಇನ್ನೊಮ್ಮೆ ಓದಿದರೆ ಆ ವಿಳಾಸ ಅಳಿಸಿಬಿಡುತ್ತೇನೆ, ಅದಕ್ಕೇ ಓದದೆ ಕಳಿಸುವ ಗುಂಡಿ ಒತ್ತುತ್ತೇನೆ. ಯಜಮಾನರೇ, ಯಂತ್ರ ಓಡಿಸಬೇಡಿ. ಅರವತ್ತನಾಲ್ಕೂ ಪುಟ ಬೇರೆಯವರಿಂದ ಓದಿಸಿ. ನನಗೆ ಕಣ್ಣು ಕಾಣುವುದಿಲ್ಲ.