ಅಂಬಿಗಜ್ಜನಿಗೆ ಕೊಟ್ಟ ಗಂಟಲು

ಪ್ರೀತಿಯ ಅಂಬಿಗಜ್ಜನಿಗೆ,

ಒಂಬತ್ತು ವರ್ಷ ನಿನ್ನ ದನಿಯ ಧೂಳು ಒರೆಸಿದವಳ ನಮಸ್ಕಾರ. ನಾನು ಯಾರೆಂದು ನಿನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ನೀನು ಎಲ್ಲೋ ದೂರದಲ್ಲಿ ಯಾರೋ ಬರೆದ ಚಿತ್ರ. ನಾನು ಆ ಚಿತ್ರದ ಬಾಯಿಗೆ ನಮ್ಮ ಮಾತು ಕೂರಿಸುವ ಡಬ್ಬಿಂಗ್ ಸ್ಟುಡಿಯೋದ ಸೌಂಡ್ ಎಡಿಟರ್. ಕಾರ್ಟೂನಿಗೆ ಕಾಗದ ಬರೆಯುವ ಹೆಂಗಸನ್ನು ಕಂಡರೆ ನಾಲ್ಕು ಜನ ಏನೆಂದುಕೊಂಡಾರು ಎಂಬುದು ನನಗೂ ಗೊತ್ತು. ಆದರೆ ಇದನ್ನು ಮನೆಯಲ್ಲಿ ಹೇಳಲು ನನಗೆ ಮುಖವಿಲ್ಲ, ಸ್ಟುಡಿಯೋದಲ್ಲಿ ಹೇಳಲು ಮನಸ್ಸಿಲ್ಲ. ಉಳಿದವನು ನೀನೊಬ್ಬ.

ಮೊದಲ ಸಲ ನಿನ್ನನ್ನು ನೋಡಿದಾಗ ನಾನು ನಕ್ಕಿದ್ದೆ. ಕೊಕ್ಕರೆಯ ಕಾಲು, ಕೈಗೆ ಆರಾರು ಬೆರಳು, ತೇಪೆ ಹಾಕಿದ ಕೋಟು, ಹೆಗಲ ಮೇಲೆ ನಿನಗಿಂತ ಉದ್ದದ ಹುಟ್ಟು. ಏಳು ಚಂದ್ರರ ನಡುವೆ ಹರಿಯುವ ಬೆಳಕಿನ ಹೊಳೆಯಲ್ಲಿ ದೋಣಿ ನಡೆಸುವ ಮುದುಕ ನೀನು. ಚಂದ್ರರನ್ನು ಒಂದೊಂದಾಗಿ ನುಂಗುತ್ತಿದ್ದ ಕತ್ತಲೆ ಅರಸನ ಎದುರು ನಿಲ್ಲಲು ಒಬ್ಬ ಅನಾಥ ಹುಡುಗಿಗೆ ದೋಣಿ ಕಲಿಸಿದವನು. ಮೂಲದಲ್ಲಿ ನಿನಗೊಂದು ಹೆಸರಿದೆ. ಅದನ್ನು ಹೇಳಬೇಕಾದರೆ ನಾಲಿಗೆಯನ್ನು ಮೂರು ಮಡಿಕೆ ಮಡಚಬೇಕು. "ಇಷ್ಟುದ್ದ ಹೆಸರು ಕೂಗೋಷ್ಟರಲ್ಲಿ ಅರಸ ಇನ್ನೆರಡು ಚಂದ್ರನ್ನ ನುಂಗಿ ತೇಗಿರ್ತಾನೆ. ಅಂಬಿಗಜ್ಜ ಅನ್ನಿ, ಮುಗೀತು" ಎಂದವನು ನನ್ನ ಅಣ್ಣ. ನಿನ್ನ ದನಿ ಅವನೇ.

ಅಣ್ಣನ ಬಗ್ಗೆ ನಿನಗೆ ಸ್ವಲ್ಪ ಹೇಳಬೇಕು. ನಿನಗಿಂತ ಮುಂಚೆ ಅವನಿಗೆ ಸಿಗುತ್ತಿದ್ದದ್ದು ನಾಲ್ಕನೆಯ ಕಳ್ಳನ ಪಾತ್ರ. ಒಂದನೆಯವನು ಯೋಜನೆ ಹೇಳುತ್ತಾನೆ, ಎರಡನೆಯವನು ಅನುಮಾನ ಪಡುತ್ತಾನೆ, ಮೂರನೆಯವನು ಮೋಸ ಮಾಡುತ್ತಾನೆ, ನಾಲ್ಕನೆಯವನು "ಅಯ್ಯೋ" ಎಂದು ಸಾಯುತ್ತಾನೆ. ಊರಿನ ಅರ್ಧ ಲಿಫ್ಟುಗಳಲ್ಲಿ "ಬಾಗಿಲು ಮುಚ್ಚುತ್ತಿದೆ" ಎಂದು ಹೇಳುವುದೂ ಅವನೇ. ಲಿಫ್ಟಿನಲ್ಲಿ ತನ್ನ ದನಿ ಕೇಳಿದರೆ "ಆಯ್ತು ಮಾರಾಯ, ಮುಚ್ಚು" ಎಂದು ಉತ್ತರ ಕೊಡುತ್ತಿದ್ದ. ಅಷ್ಟು ಮಾತು. ನಿದ್ದೆಯಲ್ಲೂ ಮಾತು. ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎಂದು ಅಮ್ಮ ಅವನನ್ನು ನೋಡಿ ಹೇಳುತ್ತಿದ್ದಳು. ನೀನು ಸಿಕ್ಕ ದಿನ ಅವನು ಮನೆಗೆ ಬಂದು ಅತ್ತಿಗೆಯ ಕೈ ಹಿಡಿದು, "ಲೇ, ಈ ಸಲ ನಾನು ಸಾಯೋಕೆ ಕೊನೇವರೆಗೂ ಟೈಮ್ ಇದೆ" ಎಂದನಂತೆ. ಅದಕ್ಕೂ ಒಂಬತ್ತು ವರ್ಷ ಮುಂಚೆ ನನ್ನನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಗಾಜಿನ ಆಚೆ ಅವನು, ಈಚೆ ನಾನು, ಹೀಗೆ ಒಂಬತ್ತು ವರ್ಷ ನಿನ್ನನ್ನು ನಾವಿಬ್ಬರೂ ಸಾಕಿದೆವು.

"ಹೆದರಿಕೊಂಡೇ ದೋಣಿ ನಡೆಸು, ಮಗು." ಈ ಮಾತು ಮೂಲದಲ್ಲಿ ಇರಲಿಲ್ಲ, ನಿನಗೆ ಗೊತ್ತೇ? ಅಲ್ಲಿ ನೀನು ಹೆದರಬೇಡ ಎಂದಷ್ಟೇ ಹೇಳಿದ್ದೆ. ಅಣ್ಣ ಹಾಳೆ ಕೆಳಗಿಟ್ಟು, "ಹೆದರಬೇಡ ಅಂದ್ರೆ ಯಾವ ಮಗು ಹೆದರೋದು ಬಿಟ್ಟಿದೆ? ನಾನಂತೂ ಬಿಟ್ಟಿಲ್ಲ" ಎಂದು ತಾನೇ ಬದಲಿಸಿದ. ನಿನ್ನ ತುಟಿ ಮೂರು ಸಲ ಆಡುವ ಜಾಗಕ್ಕೆ ಅಷ್ಟೊಂದು ಅಕ್ಷರ ತುರುಕಲು ನಾನು ಪಟ್ಟ ಪಾಡು ನನಗೇ ಗೊತ್ತು. ಆಮೇಲೆ ಪರೀಕ್ಷೆಗೆ ಹೋಗುವ ಮಕ್ಕಳೆಲ್ಲ ಅದನ್ನೇ ಹೇಳಿಕೊಂಡು ಹೋದರು. ಅವತ್ತು ಅಣ್ಣ ಬೀಗಿದ್ದು ನೋಡಬೇಕಿತ್ತು.

ಈಗ ತಪ್ಪಿನ ಮಾತಿಗೆ ಬರುತ್ತೇನೆ. ಕಳೆದ ವರ್ಷ ನಿನ್ನ ದನಿಯಲ್ಲಿ ಒಂದು ಗೀರು ಕೇಳಿಸಿತು. ಮರಳುಕಾಗದ ಉಜ್ಜಿದ ಹಾಗೆ, ಮಾತಿನ ತುದಿಯಲ್ಲಿ ಮಾತ್ರ. ಅದನ್ನು ಮೊದಲು ಕೇಳಿದವಳು ನಾನು. ಕೇಳಿ ಏನು ಮಾಡಿದೆ ಗೊತ್ತೇ? ಮೈಕಿನ ಕೇಬಲ್ ಬದಲಿಸಿದೆ. ಹೋಗಲಿಲ್ಲ. ಮೈಕನ್ನೇ ಬದಲಿಸಿದೆ. ಹೋಗಲಿಲ್ಲ. ಕೊನೆಗೆ ಸಾಫ್ಟ್‌ವೇರಿನಲ್ಲಿ ಒಂದೊಂದೇ ಗೀರು ಹುಡುಕಿ ಅಳಿಸುತ್ತ ಕೂತೆ. ಅಣ್ಣನಿಗೆ ಗಂಟಲು ಎಂಬುದೊಂದಿದೆ ಎಂದು ನನಗೆ ಹೊಳೆಯಲಿಲ್ಲ. ಹದಿನೆಂಟು ವರ್ಷ ಈ ಕೆಲಸ ಮಾಡಿದವಳಿಗೆ ಮನುಷ್ಯನಿಗಿಂತ ಮೊದಲು ಕೇಬಲ್ ಕಾಣುತ್ತದೆ.

ಆಮೇಲೆ ನಮ್ಮ ಡೈರೆಕ್ಟರ್ ಬಂದರು. ಎಷ್ಟು ಚೆನ್ನಾಗಿ ಹೇಳಿದರೂ ಇನ್ನೊಂದು ಟೇಕ್ ಕೇಳುವವರಾದ್ದರಿಂದ ಅವರನ್ನು ನಾವು ಬೆನ್ನ ಹಿಂದೆ 'ಇನ್ನೊಂದ್ಸಲ' ಎನ್ನುತ್ತೇವೆ. ನಾನು ಅಳಿಸದೆ ಬಿಟ್ಟಿದ್ದ ಒಂದು ಟೇಕ್ ಕೇಳಿ ಅವರು ಕುರ್ಚಿಯಿಂದ ಎದ್ದುಬಿಟ್ಟರು. "ಇದಪ್ಪಾ ದನಿ. ಅಜ್ಜನಿಗೆ ನಿಜವಾಗ್ಲೂ ವಯಸ್ಸಾಗಿದೆ. ಇದನ್ನ ಯಾಕಮ್ಮ ತೊಳೀತಿದ್ದೀಯ? ಹಾಗೇ ಬಿಡು." ಕಥೆಯಲ್ಲಿ ಅದೇ ಹೊತ್ತಿಗೆ ಐದನೆಯ ಚಂದ್ರ ಒಡೆದು ಅದರ ಬೂದಿ ನಿನ್ನ ಎದೆಗೆ ಹೋಗಿತ್ತಲ್ಲ, ಎಲ್ಲರಿಗೂ ಸರಿಹೋಯಿತು. ಅಣ್ಣನೂ ಹಿಗ್ಗಿದ. ಗೀರು ಹೆಚ್ಚಾದಷ್ಟೂ ನಮ್ಮ ಹೊಗಳಿಕೆ ಹೆಚ್ಚಾಯಿತು. ಆರು ವರ್ಷದ ಒಂದು ಮಗು ಮಾತ್ರ ಸ್ಟುಡಿಯೋಗೆ ಕಾಗದ ಬರೆದಿತ್ತು: ಅಜ್ಜನಿಗೆ ಗಂಟಲು ನೋವಾ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾವು ಮೂವರೂ ಓದಿ ನಕ್ಕು ಅದನ್ನು ಗೋಡೆಗೆ ಅಂಟಿಸಿದೆವು. ಅದನ್ನು ಕಿತ್ತು ಬಿಸಾಡಲು ನನ್ನಿಂದ ಇನ್ನೂ ಆಗಿಲ್ಲ.

ನುಂಗುವಾಗ ನೋವು ಶುರುವಾದ ಮೇಲೆ ಅಣ್ಣ ಆಸ್ಪತ್ರೆಗೆ ಹೋದ. ಅತ್ತಿಗೆಗೆ ಸಣ್ಣ ಗುಳ್ಳೆ ಎಂದು ಹೇಳಿ ನನ್ನನ್ನು ಜೊತೆಗೆ ಕರೆದುಕೊಂಡ. ಡಾಕ್ಟರಮ್ಮ ಪರದೆಯ ಮೇಲೆ ಅವನ ಗಂಟಲಿನ ಒಳಗನ್ನು ತೋರಿಸಿದರು. ನಾನು ಒಂಬತ್ತು ವರ್ಷ ಕೇಳಿದ ದನಿ ಹುಟ್ಟುವ ಜಾಗ ಅಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. "ಕ್ಯಾನ್ಸರ್ ಗಡ್ಡೆ ಒಂದು ಕಡೆ ಮಾತ್ರ ಇದೆ. ಎರಡು ವಾರದೊಳಗೆ ಬಂದ್ರೆ ಧ್ವನಿಪೆಟ್ಟಿಗೇಲಿ ಅರ್ಧ ತೆಗೀತೀನಿ, ಒರಟಾಗಿ ಆದ್ರೂ ಮಾತು ಉಳಿಯತ್ತೆ. ತಡ ಮಾಡಿದ್ರೆ ಪೂರ್ತಿ ತೆಗೀಬೇಕಾಗಬಹುದು. ನಿಮ್ಮಿಷ್ಟ ಅನ್ನೋ ವಿಷಯ ಅಲ್ಲ ಇದು" ಎಂದರು.

ಮೆಟ್ಟಿಲಿಳಿಯುವಾಗ ಅಣ್ಣ ನಿಂತ. ನಿನ್ನ ಕೊನೆಯ ಭಾಗದ ಕೆಲಸ ಆಗ ನಡೆಯುತ್ತಿತ್ತು. ಚಿತ್ರ ಹೊರಗಿನಿಂದ ಎರಡೆರಡೇ ಕಂತಾಗಿ ಬರುತ್ತದೆ, ಮುಂದಿನದು ಏನೆಂದು ನಮಗೂ ಹೇಳುವುದಿಲ್ಲ. ಆದರೆ ಕೊನೆಯ ಕಂತಿನಲ್ಲಿ ನೀನು ಸಾಯುತ್ತೀಯೆಂಬ ಸುದ್ದಿ ಮಾತ್ರ ಬಂದಿತ್ತು. "ಆರು ವಾರ" ಎಂದ ಅಣ್ಣ. "ಅಷ್ಟರಲ್ಲಿ ಕೊನೇ ಕಂತು ಬಂದುಬಿಡತ್ತೆ. ಅಜ್ಜನ್ನ ಕಳಿಸಿಕೊಟ್ಟು ಬಂದು ಮಲಗ್ತೀನಿ. ಒಂಬತ್ತು ವರ್ಷ ಮಾತಾಡಿಸಿ, ಸಾಯೋ ಹೊತ್ತಿಗೆ ಅವನ ಬಾಯಿಗೆ ಯಾರದ್ದೋ ಮಾತು ಹಾಕೋದಾ? ನಿನ್ನ ಅತ್ತಿಗೆಗೆ ಹೇಳಬೇಡ."

ನಾನು ಬೇಡ ಎನ್ನಬೇಕಿತ್ತು. ಕೈ ಹಿಡಿದು ವಾಪಸ್ ಮೇಲಕ್ಕೆ ಎಳೆದುಕೊಂಡು ಹೋಗಬೇಕಿತ್ತು. ಅಜ್ಜ, ನಿನ್ನ ಹತ್ತಿರ ಸುಳ್ಳೇಕೆ? ನನಗೂ ಅವನ ದನಿಯಲ್ಲೇ ನಿನ್ನ ಕೊನೆ ಬೇಕಿತ್ತು. ಅದಕ್ಕೇ ಸುಮ್ಮನಿದ್ದೆ.

ಆ ಆರು ವಾರ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಕಂತಿಗೆ ಕಾದೆ. ಮುಂದಿನ ವಾರ, ಮುಂದಿನ ವಾರ ಎಂದೇ ಉತ್ತರ ಬರುತ್ತಿತ್ತು. ಅಣ್ಣನ ಮಾತು ದಿನದಿಂದ ದಿನಕ್ಕೆ ಸವೆಯುತ್ತಿತ್ತು. ಅವನು ಮನೆಯಲ್ಲಿ ಮಾತು ಉಳಿಸತೊಡಗಿದ. ಗಂಡ ಇದ್ದಕ್ಕಿದ್ದಂತೆ ಮೌನಿಯಾದನಲ್ಲ ಎಂದು ಅತ್ತಿಗೆ ಮೊದಮೊದಲು ತಮಾಷೆ ಮಾಡಿದಳು, ಆಮೇಲೆ ಮಾಡಲಿಲ್ಲ. ಏಳನೆಯ ವಾರ ಡಾಕ್ಟರಮ್ಮ ತಾವೇ ಫೋನ್ ಮಾಡಿ, ನಾಳೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದರು. ಚಿತ್ರ ಇನ್ನೂ ಬಂದಿರಲಿಲ್ಲ.

ಅವತ್ತು ಮಧ್ಯಾಹ್ನ ನಾವು ಕುರುಡಾಗಿ ರೆಕಾರ್ಡ್ ಮಾಡಿದೆವು. ಸಾಯುವ ಅಜ್ಜ ಏನೇನು ಹೇಳಬಹುದೆಂದು ಅಣ್ಣ ಒಂದು ಪಟ್ಟಿ ಬರೆದುಕೊಂಡು ಬಂದಿದ್ದ. ಇನ್ನು ನೀನೇ ನಡೆಸು ಮಗು. ನೋವಾಗ್ತಿಲ್ಲ. ಅಳಬೇಡ. ಅಳೋದಾದ್ರೆ ಅಳು, ಹುಟ್ಟು ಮಾತ್ರ ಬಿಡಬೇಡ. ಹೊಳೆ ಎಷ್ಟು ಚೆನ್ನಾಗಿದೆ. ಹೌದು. ಇಲ್ಲ. ಬಾ. ಒಟ್ಟು ನಲವತ್ತೊಂದು ಸಾಲು, ಒಂದೊಂದನ್ನೂ ಮೂರು ಬಗೆ. ಗಾಜಿನ ಆಚೆ ಅವನು ಒಂದು ಕೈಯಲ್ಲಿ ಗಂಟಲು ಹಿಡಿದುಕೊಂಡು ಹೇಳುತ್ತಿದ್ದ. ಡೈರೆಕ್ಟರ್ ಅವತ್ತು ಒಂದು ಸಲವೂ ಇನ್ನೊಂದ್ಸಲ ಎನ್ನಲಿಲ್ಲ. ಮುಗಿದ ಮೇಲೆ ಅಣ್ಣ ಹೆಡ್‌ಫೋನ್ ಕಳಚಿ, "ಇಷ್ಟರಲ್ಲಿ ಯಾವುದಾದ್ರೂ ಒಂದು ಕೂರತ್ತೆ ಬಿಡು" ಎಂದ. ಅವನು ಬಾಯಿಂದ ನನಗೆ ಹೇಳಿದ ಕೊನೆಯ ಮಾತು ಅದು.

ಪೂರ್ತಿ ತೆಗೆದರು, ಅಜ್ಜ. ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ ಕಾರಿಡಾರಿನಲ್ಲಿ ನನ್ನನ್ನಲ್ಲ, ಅತ್ತಿಗೆಯನ್ನು ನೋಡಿ ಹೇಳಿದರು: "ಮೊದಲ ಸಲ ಹೇಳಿದಾಗಲೇ ಬಂದಿದ್ರೆ ಅರ್ಧ ಉಳಿಸ್ತಿದ್ದೆ." ಅತ್ತಿಗೆ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?" ಎಂದಳು. ನಾನು ತಲೆ ತಗ್ಗಿಸಿದೆ. ಅಂದಿನಿಂದ ನನ್ನ ಹತ್ತಿರ ಅವಳದು "ಬಂದ್ಯಾ", "ಊಟ ಆಯ್ತಾ" ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಒಂದು ತಿಂಗಳ ಮೇಲೆ ನಿನ್ನ ಕೊನೆಯ ಕಂತು ಬಂತು. ಕಥೆ ಹೊರಗೆ ಸೋರದಿರಲೆಂದು ನಮಗೆ ಕಳಿಸುವ ಚಿತ್ರವನ್ನು ಅವರು ಕಪ್ಪು ಬಳಿದೇ ಕಳಿಸುತ್ತಾರೆ. ಯಾರು ಮಾತಾಡುತ್ತಾರೋ ಅವರ ಬಾಯಿಯ ಜಾಗದಲ್ಲಿ ಮಾತ್ರ ತಟ್ಟೆಯಷ್ಟಗಲ ತೆರೆದಿರುತ್ತದೆ. ನಲವತ್ತೊಂದು ಸಾಲನ್ನೂ ಪಕ್ಕದಲ್ಲಿ ಹರಡಿಕೊಂಡು ನಿನ್ನ ಸಾವಿನ ದೃಶ್ಯಕ್ಕೆ ಬಂದೆ. ಪರದೆ ಪೂರ್ತಿ ಕಪ್ಪು. ಎರಡು ನಿಮಿಷ ಹತ್ತು ಸೆಕೆಂಡು ಸಂಗೀತ ಮಾತ್ರ. ತಟ್ಟೆ ತೆರೆಯಲೇ ಇಲ್ಲ. ಫೈಲ್ ಕೆಟ್ಟಿದೆ ಎಂದುಕೊಂಡೆ, ನೋಡು, ಮತ್ತೆ ಅದೇ ಬುದ್ಧಿ. ಅಜ್ಜನ ಮಾತಿನ ಹಾಳೆ ಬಿಟ್ಟುಹೋಗಿದೆ, ದಯವಿಟ್ಟು ಕಳಿಸಿ ಎಂದು ಬರೆದೆ. ಅವರಿಂದ ಒಂದು ಸಾಲಿನ ಉತ್ತರ ಬಂತು. ಏನೂ ಬಿಟ್ಟುಹೋಗಿಲ್ಲ, ಅಲ್ಲಿ ಅವನು ಮಾತಾಡುವುದಿಲ್ಲ.

ಅಜ್ಜ, ನಿನ್ನ ಮೇಲೆ ನನಗೆ ಕೋಪ ಬಂತು. ಆರನೆಯ ಚಂದ್ರ ಹೊತ್ತಿ ಉರಿಯುವಾಗ ದೋಣಿಯಲ್ಲಿ ನಿಂತು ಒಂದು ಪುಟದ ಭಾಷಣ ಮಾಡಿದವನು ನೀನು. ಎಲ್ಲ ಕಂತಿನಲ್ಲೂ ಕೊನೆಯ ಕ್ಷಣಕ್ಕೆ ಬಂದು ಯಾರನ್ನಾದರೂ ಉಳಿಸಿದವನು. ನಿನಗೆ ಗಂಟಲು ಕೊಟ್ಟವನನ್ನು ಉಳಿಸಲು ನೀನು ಬರುವುದಿಲ್ಲ, ಸರಿ, ನೀನು ಚಿತ್ರ. ಒಂದು ಮಾತು ಆಡಲು ನಿನಗೇನಾಗಿತ್ತು? ಬರೀ 'ಹೌದು' ಎಂದಿದ್ದರೂ ಸಾಕಿತ್ತು, ಹೌದನ್ನು ಅವನು ಮೂರು ಬಗೆಯಲ್ಲಿ ಹೇಳಿಟ್ಟಿದ್ದ. ಆಮೇಲೆ ಆ ಕೋಪ ನಿನ್ನ ಮೇಲೆ ನಿಲ್ಲಲಿಲ್ಲ. ತಿರುಗಿ ನನ್ನ ಹತ್ತಿರವೇ ಬಂತು.

ಅಣ್ಣನ ಹತ್ತಿರ ಈಗ ಮಕ್ಕಳು ಗೀಚಿ ಅಳಿಸುವ ಒಂದು ಸ್ಲೇಟಿದೆ. ನಾನು ಹೋದಾಗಲೆಲ್ಲ ಅದರ ಮೇಲೆ ಒಂದೇ ಪ್ರಶ್ನೆ ಇರುತ್ತಿತ್ತು: ಯಾವ ಸಾಲು ಹಾಕಿದೆ? "ಟೀವೀಲಿ ಹಾಕೋ ಭಾನುವಾರ ನೋಡ್ತೀಯಲ್ಲ" ಎಂದು ನಗುತ್ತಿದ್ದೆ. ಮೂರು ವಾರ ಹಾಗೆ ನಕ್ಕೆ. ನಿನ್ನೆ ಆ ಭಾನುವಾರ ಬಂದೇಬಿಟ್ಟಿತು.

ಸಂಜೆ ಐದು ಗಂಟೆಗೆ ಅವನು ಶರ್ಟು ಬದಲಿಸಿ, ಕತ್ತಿನ ರಂಧ್ರದ ಮೇಲೆ ಹೊಸ ಬಟ್ಟೆ ಕಟ್ಟಿಕೊಂಡು ಟೀವಿಯೆದುರು ಕೂತ. ಅತ್ತಿಗೆ ಬಾಗಿಲಿಗೆ ಒರಗಿ ನಿಂತಳು. ಕಪ್ಪು ಬಳಿಯದ ಆ ದೃಶ್ಯವನ್ನು ನಾನೂ ಮೊದಲ ಸಲ ನೋಡಿದೆ. ನೀನು ಒಡೆದ ದೋಣಿಗೆ ಒರಗಿ ಮಲಗಿದ್ದೆ. ಹುಡುಗಿ ನಿನ್ನ ಕೈ ಹಿಡಿದಿದ್ದಳು. ಅಣ್ಣ ಮುಂದಕ್ಕೆ ಬಾಗಿದ. ಅವನ ತುಟಿಗಳು ಆಗಲೇ ಆಡತೊಡಗಿದ್ದವು, ನಲವತ್ತೊಂದರಲ್ಲಿ ಯಾವುದನ್ನು ಹೇಳುತ್ತಿದ್ದನೋ. ನೀನು ಅವಳ ಕೈಗೆ ಹುಟ್ಟು ಕೊಟ್ಟೆ, ಅವಳನ್ನು ನೋಡಿದೆ, ನೋಡುತ್ತಲೇ ಹೋದೆ. ಅಣ್ಣನ ತುಟಿ ನಿಂತಿತು. ಹೆಸರುಗಳು ಓಡತೊಡಗಿದಾಗಲೂ ಅವನು ಬಾಗಿಯೇ ಕೂತಿದ್ದ.

ಆಮೇಲೆ ಸ್ಲೇಟು ಎತ್ತಿಕೊಂಡು ಬರೆದ: ಮಾತೇ ಇರಲಿಲ್ವಾ?

"ಇರಲಿಲ್ಲ, ಅಣ್ಣ" ಎಂದೆ.

ಅವನು ಅತ್ತಿಗೆಯನ್ನು ನೋಡಿದ. ಅತ್ತಿಗೆ ಒಳಗೆ ಹೋದಳು. ಅವನು ಅಳಿಸಿ, ಮತ್ತೆ ಬರೆದು, ಸ್ಲೇಟನ್ನು ನನ್ನ ಕಡೆ ತಿರುಗಿಸಿದ. 'ನಾನಾಗಿದ್ರೂ ಅಲ್ಲಿ ಸುಮ್ಮನೇ ಇರ್ತಿದ್ದೆ.'

ಅದು ಸುಳ್ಳು. ಲಿಫ್ಟಿಗೆ ಉತ್ತರ ಕೊಡುತ್ತಿದ್ದವನು ಅಲ್ಲಿ ಸುಮ್ಮನಿರುತ್ತಿರಲಿಲ್ಲ. ನನ್ನನ್ನು ಸಮಾಧಾನ ಮಾಡಲು ಅವನು ಸುಳ್ಳು ಬರೆದ, ಆ ಸುಳ್ಳನ್ನು ನಾನು ತಲೆಯಾಡಿಸಿ ಒಪ್ಪಿಕೊಂಡೆ. ಬೇರೆ ಏನು ಮಾಡಲಿ, ಹೇಳು.

ಇವತ್ತು ಬೆಳಿಗ್ಗೆ ಸ್ಟುಡಿಯೋಗೆ ಬಂದೆ. ನೀನು ಸಾಯುತ್ತೀಯೆಂಬ ಸುದ್ದಿ ಹರಡಿದಾಗಿನಿಂದ ಜನ ಕೇಳುತ್ತಿರುವುದರಿಂದ ಮುಂದಿನ ವರ್ಷ ನಿನ್ನನ್ನು ಮತ್ತೆ ಬದುಕಿಸುತ್ತಾರಂತೆ. ಡೈರೆಕ್ಟರ್ ನನ್ನ ಮುಖ ನೋಡಲಾರದೆ ಗೋಡೆ ನೋಡಿಕೊಂಡು ಹೇಳಿದರು, ಹೊಸ ದನಿಯವರಿಗೆ ಕೇಳಿಸಲು ಅಣ್ಣನ ಒಳ್ಳೆಯ ಟೇಕುಗಳನ್ನು ತೆಗೆದಿಡಬೇಕಂತೆ. ತೆಗೆದಿಡುತ್ತೇನೆ. ಹೊಸಬನ ದನಿಯ ಧೂಳನ್ನೂ ನಾನೇ ಒರೆಸುತ್ತೇನೆ, ಅದು ನನ್ನ ಕೆಲಸ. ನಿನ್ನ ಮೇಲೆ ಈಗ ಸಿಟ್ಟಿಲ್ಲ. ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು. ಹಿರಿಯ ನೀನು, ನನ್ನಂಥವಳಿಗೆ ಒಂದು ಹರಕೆ ಮಾತ್ರ ಹರಸು. ನೀನು ಬೇರೆ ದನಿಯಲ್ಲಿ ಮೊದಲ ಸಲ ಬಾಯಿ ತೆರೆಯುವ ದಿನ ನಮ್ಮ ಅಣ್ಣನ ಮನೆಯ ಟೀವಿ ಕೆಟ್ಟಿರಲಿ.

ಇಂತಿ,
ನಿನಗೆ ಗಂಟಲು ಕೊಟ್ಟವನ ತಂಗಿ