ಷರಾ ಕಾಲಮ್ಮಿನಲ್ಲಿ ಬರೆಯದೆ ಬಿಟ್ಟದ್ದು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಸ್ಕ್ಯಾನಿಂಗ್. ಹಳೆಯ ನಕ್ಷೆಗಳನ್ನೆಲ್ಲ ಜೂನ್ ಒಳಗೆ ಕಂಪ್ಯೂಟರಿಗೆ ಏರಿಸಬೇಕಂತೆ. ಹನ್ನೊಂದು ಷೀಟ್ ಆಯಿತು. ಮಡಿಕೆ ಬಿದ್ದಲ್ಲಿ ಕಾಗದ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಫ್ಯಾನ್ ಹಾಕುವಂತಿಲ್ಲ — ಹಾರುತ್ತವೆ. ಮೂವತ್ತೊಂಬತ್ತು ಡಿಗ್ರಿಯಲ್ಲಿ ಬೆವರು ಬೀಳದಂತೆ ಹಿಂದಕ್ಕೆ ಬಾಗಿ ಕೂತು, ಊರನ್ನು ಚಪ್ಪಟೆಯಾಗಿ ಹಾಸುವ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇದೇ ಕೋಣೆ, ಇದೇ ಸ್ಟೂಲು.

ಹದಿನಾಲ್ಕನೆಯ ಷೀಟನ್ನು ಕಟ್ಟಿನ ಅಡಿಗೆ ಸೇರಿಸಿದೆ. ಇನ್ನೊಂದು ದಿನ ಮಾಡಿದರಾಯಿತು.

ಮಾರ್ಚ್ 9, ಭಾನುವಾರ

ಅಣ್ಣನ ಮನೆಗೆ, ಎಲ್ಲ ಭಾನುವಾರಗಳಂತೆ. ಕೆಳಗೆ ಅವನ ಮೆಡಿಕಲ್ ಶಾಪ್, ಮೇಲೆ ಮನೆ. ಎದುರಿಗೆ ಕಾಂಕ್ರೀಟ್ ಚಪ್ಪಡಿಗಳ ಉದ್ದನೆಯ ಹಾಸು — ಸ್ಕೂಟರುಗಳು, ತಳ್ಳುಗಾಡಿಗಳು, ಮೆಕ್ಯಾನಿಕ್ಕಿನ ಶೆಡ್. ಅದರಡಿಯಲ್ಲಿ ತೊರೆ. ನಾವು ಬೆಳೆದದ್ದು ಅದರ ದಡದಲ್ಲಿ. ಮುಚ್ಚಿ ಇಪ್ಪತ್ತು ವರ್ಷವಾಯಿತು.

ಅಣ್ಣ ಮೂರು ವರ್ಷದಿಂದ ಏಳು ಬೀದಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ. ಚಪ್ಪಡಿ ತೆಗೆಸೋಣ, ತೊರೆ ಬಿಡಿಸೋಣ, ದಡಕ್ಕೆ ಜೊಂಡು ನೆಡೋಣ, ಕಪ್ಪೆ ಆಮೆ ವಾಪಸ್ ಬರ್ಲಿ. ಕರಪತ್ರ ಇಲ್ಲ. ಕೈಯಲ್ಲಿ ಒಂದು ಗಾಜಿನ ಬಾಟಲಿ. ಒಳಗೆ, ಸೆಖೆಗೆ ಒಂದಕ್ಕೊಂದು ಅಂಟಿ ಮುದ್ದೆಯಾದ ಕ್ಯಾಪ್ಸೂಲುಗಳು.

ಇವತ್ತು ನಾನೂ ಜೊತೆಗೆ ಹೋದೆ. ಮೆಕ್ಯಾನಿಕ್ಕಿನ ಮುಂದೆ ಬಾಟಲಿ ಅಲ್ಲಾಡಿಸಿದ. ಅಲ್ಲಾಡಲಿಲ್ಲ ಒಳಗಿನದು.

“ಹವಾಮಾನ ಬದಲಾವಣೆ ಅಂದ್ರೆ ಎಲ್ಲೋ ಹಿಮ ಕರಗೋದು ಅಂದ್ಕೊಂಡಿದೀಯ. ಇಲ್ಲಿ ನೋಡು, ನಿನ್ನ ಹೆಂಡ್ತಿಗೆ ಕೊಡಬೇಕಾಗಿದ್ದ ಆ್ಯಂಟಿಬಯೋಟಿಕ್ ಕರಗಿದೆ. ಈ ಚಪ್ಪಡಿ ಮಧ್ಯಾಹ್ನ ಐವತ್ತೊಂದು ಡಿಗ್ರಿ. ಮಳೆ ಬಂದ್ರೆ ನೀರು ಇಳಿಯೋಕೆ ಜಾಗ ಇಲ್ಲ, ನನ್ನ ಕೆಳಗಿನ ಶೆಲ್ಫಿಗೆ ಬರತ್ತೆ. ತೊರೆ ಇದ್ದಾಗ ಎರಡೂ ಇರ್ಲಿಲ್ಲ.”

“ಯಜಮಾನ್ರೇ, ಎಲ್ಲ ಸರಿ. ಚಪ್ಪಡಿ ತೆಗೆದ್ರೆ ನನ್ನ ಗಾಡಿಗಳನ್ನ ಎಲ್ಲಿ ನಿಲ್ಸಲಿ? ಆಮೆ ಬೆನ್ನ ಮೇಲಾ?”

“ಆಮೆ ಬರ್ಲಿ ಮೊದ್ಲು. ನಾನೇ ಅದರ ಹತ್ರ ಮಾತಾಡ್ತೀನಿ.”

ಮೆಕ್ಯಾನಿಕ್ ನಕ್ಕ. ಅರ್ಜಿಗೆ ಸಹಿ ಹಾಕಲಿಲ್ಲ.

ಮಾರ್ಚ್ 30, ಭಾನುವಾರ

ಅರ್ಜಿಗೆ ನಮ್ಮ ಸರ್ವೇ ಆಫೀಸಿನಿಂದಲೇ ಉತ್ತರ ಬಂದಿದೆ. ಅಣ್ಣ ಕನ್ನಡಕ ಏರಿಸಿ ಓದಿದ: ಷೀಟ್ ಹದಿನಾಲ್ಕರ ಪ್ರಕಾರ ಸದರಿ ಜಾಗ ಒಣ ಚರಂಡಿ. ವಸತಿ ಪ್ರದೇಶದಲ್ಲಿ ಮುಚ್ಚಿದ ಚರಂಡಿಯನ್ನು ತೆರೆಯಲು ಅವಕಾಶವಿಲ್ಲ. ತೊರೆಯೆಂದು ಸಾಬೀತಾದಲ್ಲಿ ಪರಿಶೀಲಿಸಲಾಗುವುದು. ವಿಚಾರಣೆ ಮೇ ಎಂಟಕ್ಕೆ.

“ಮತ್ತೆ ಅದೇ ಒಣ ಚರಂಡಿ! ಯಾವ ಪುಣ್ಯಾತ್ಮ ಬರೆದನೋ. ಬೇಸಿಗೇಲಿ ಬಂದಿರ್ತಾನೆ, ನೆರಳಲ್ಲಿ ಕೂತು ಗೀಚಿರ್ತಾನೆ, ಭತ್ಯೆ ತಗೊಂಡು ಹೋಗಿರ್ತಾನೆ.”

ಅತ್ತಿಗೆ ಕಾಫಿ ತಂದರು. “ಮೂರು ವರ್ಷದಿಂದ ಬೈದು ಬೈದು ಅವನ ಆಯಸ್ಸು ಜಾಸ್ತಿ ಮಾಡ್ತಿದೀರಿ, ಅಷ್ಟೇ.”

ಕಾಫಿ ಕುಡಿದೆ. ಇನ್ನೊಂದು ಲೋಟ ಕೊಟ್ಟರು. ಅದನ್ನೂ ಕುಡಿದೆ.

ಏಪ್ರಿಲ್ 2, ಊಟದ ಹೊತ್ತು

ಕೋಣೆಯಲ್ಲಿ ಯಾರೂ ಇಲ್ಲ. ಹದಿನಾಲ್ಕನ್ನು ತೆಗೆದು ಹಾಸಿದೆ.

ನನ್ನ ಅಕ್ಷರ. ಆಗ ಎಷ್ಟು ದುಂಡಗಿತ್ತು.

ಇಪ್ಪತ್ತನಾಲ್ಕು ವರ್ಷ ವಯಸ್ಸು, ಕೆಲಸಕ್ಕೆ ಸೇರಿ ಎರಡು ತಿಂಗಳು. ಅಳತೆಗೆ ಹೋದದ್ದು ಏಪ್ರಿಲ್ ಕೊನೆ, ಆ ವರ್ಷ ಮಳೆ ಕಡಿಮೆ. ತಳದಲ್ಲಿ ಒದ್ದೆ ಮರಳು ಮಾತ್ರ. ಹಿರಿಯ ಸರ್ವೇಯರು ಕೊಡೆ ಹಿಡಿದು ನಿಂತಿದ್ದರು. “ಕಂಡದ್ದು ಬರಿಯಮ್ಮ. ನಿಯಮ ಅದೇ.” ಮುರಿದ ಗೆರೆ ಎಳೆದೆ, ಪಕ್ಕದಲ್ಲಿ ‘ಒಣ ಚರಂಡಿ’. ಷರಾ ಕಾಲಂ ಇತ್ತು. ‘ಬೇಸಿಗೆಯಲ್ಲಿ ಮಾತ್ರ’ — ಎರಡೇ ಪದ. ವರ್ಷದ ಹತ್ತು ತಿಂಗಳು ಅಲ್ಲಿ ನೀರು ಹರಿಯುತ್ತದೆಂದು ಆ ಗುಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬರೆಯಲಿಲ್ಲ. ಯಾರೂ ತಡೆದಿರಲಿಲ್ಲ. ಬಿಸಿಲಿತ್ತು, ಜೀಪು ಕಾಯುತ್ತಿತ್ತು.

ಎಂಟು ವರ್ಷದ ಮೇಲೆ ಚಪ್ಪಡಿ ಹಾಕುವ ಆದೇಶಕ್ಕೆ ಆಧಾರ ಆ ‘ಒಣ ಚರಂಡಿ’. ಸರ್ವೇಯರು ತೀರಿಕೊಂಡರು. ಮೂಲೆಯಲ್ಲಿ ನಕ್ಷೆಗಾರರ ಸಂಖ್ಯೆ ಮಾತ್ರ ಇದೆ, ಹೆಸರಿಲ್ಲ. ಅಣ್ಣನಿಗೆ ಆ ಸಂಖ್ಯೆ ಯಾರದೆಂದು ತಿಳಿಯುವ ದಾರಿಯಿಲ್ಲ.

ನೀರಿನ ಬಣ್ಣ ನೆನಪಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು ಹೊಟ್ಟೆಯ ಕೆಳಗೆ ಅಣ್ಣನ ಅಂಗೈ, ಈಜು ಕಲಿಸುವಾಗಿನದು. ‘ಬಿಡ್ತೀನಿ ನೋಡು, ಬಿಟ್ಟೆ’ ಎನ್ನುತ್ತ ಬಿಡದೆ ಇಟ್ಟುಕೊಂಡಿದ್ದ ಅಂಗೈ. ಮೂಗಿನ ಮುಂದೆ ಹೆಲಿಕಾಪ್ಟರ್ ಚಿಟ್ಟೆಗಳು. ದಡದ ಬಿಲದಲ್ಲಿ ಮಿಂಚುಳ್ಳಿ. ಅಷ್ಟು ನೀಲಿಯನ್ನು ಆಮೇಲೆ ಯಾವ ಇಂಕಿನಲ್ಲೂ ಕಂಡಿಲ್ಲ.

ಏಪ್ರಿಲ್ 16

ಸಾಹೇಬರನ್ನು ಕೇಳಿದೆ, ಬೇರೆ ಯಾರದೋ ವಿಷಯದಂತೆ. ಹಳೆಯ ನಕ್ಷೆಯಲ್ಲಿ ತಪ್ಪಾಗಿದೆಯೆಂದು ಬರೆದವರೇ ಹೇಳಿದರೆ?

ಅವರು ಪೆನ್ನು ಮುಚ್ಚಿದರು. “ದಾಖಲೆ ತಿದ್ದಬಹುದು. ಬರೆದವರ ಮೇಲೆ ಇಲಾಖಾ ವಿಚಾರಣೆ ಆಗತ್ತೆ. ಇಂಕ್ರಿಮೆಂಟ್ ಹೋಗಬಹುದು.” ಪೆನ್ನನ್ನು ಜೇಬಿಗೆ ಸಿಕ್ಕಿಸಿ, “ನಿಮಗಿನ್ನೂ ಎಂಟು ವರ್ಷ ಸರ್ವಿಸ್ ಇದೆ. ಸುಮ್ನೆ ಕೆರೆದು ಹುಣ್ಣು ಮಾಡ್ಕೋಬೇಡಿ.”

ಒಳ್ಳೆಯ ಮನುಷ್ಯ. ನನಗೆ ಹೆದರಿಕೆ ಇಂಕ್ರಿಮೆಂಟಿನದಲ್ಲ.

ಏಪ್ರಿಲ್ 24, ಮಧ್ಯಾಹ್ನ

ಹೇಳಿದೆ.

ಅಣ್ಣನ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಮಾತ್ರೆ ಸ್ಟ್ರಿಪ್ಪುಗಳನ್ನು ಡ್ರಾಯರಿಗೆ ಜೋಡಿಸುತ್ತಿದ್ದ. ನಿಂತೇ ಹೇಳಿದೆ, ಮೂರು ವಾಕ್ಯ. ಜೋಡಿಸುವುದು ನಿಲ್ಲಿಸಲಿಲ್ಲ. ಡ್ರಾಯರ್ ತುಂಬಿತು. ಇನ್ನೊಂದನ್ನು ಎಳೆದ.

“ನೀನಾ.”

“ಹೂಂ.”

“ಗೊತ್ತಿದ್ದೂ.”

“ಹೂಂ.”

“ಮೂರು ವರ್ಷ. ಪ್ರತಿ ಭಾನುವಾರ. ಅವನಿಗೆ ಬೈತಿದ್ರೆ ಎದುರಿಗೆ ಕೂತು ಕಾಫಿ ಕುಡೀತಿದ್ದೆ.”

ಕಾಫಿ ಚೆನ್ನಾಗಿತ್ತು ಎನ್ನುವುದೇ?

ಷಟರ್ ಕೆಳಗಿಂದ ಒಬ್ಬಾಕೆ ತಲೆ ತೂರಿಸಿ ಕೆಮ್ಮಿನ ಔಷಧಿ ಕೇಳಿದಳು. ಕೊಟ್ಟ. ಎಷ್ಟು ಚಮಚ, ಯಾವ ಹೊತ್ತು, ಎಲ್ಲ ಬಿಡಿಸಿ ಹೇಳಿದ. ಅವಳ ಹತ್ತಿರ ಆಡಿದ ಸ್ವರ ಎಷ್ಟು ಮೆದುವಾಗಿತ್ತು. ಅವಳು ಹೋದ ಮೇಲೆ ನನ್ನ ಕಡೆ ನೋಡದೆ ಕೇಳಿದ:

“ಎಂಟನೇ ತಾರೀಕು ಅಲ್ಲಿ ಬಂದು ಹೇಳ್ತೀಯಾ?”

“ಹೇಳ್ತೀನಿ.”

“ಸರಿ. ಹೊರಡು.”

ಮೇ 8

ಹಾಲ್ ತುಂಬಿತ್ತು. ಏಳು ಬೀದಿಯವರೂ ಬಂದಿದ್ದರು, ಅರ್ಧ ಜನ ವಿರೋಧಿಸಲು. ನನ್ನನ್ನು ಕರೆದರು. ಸಂಖ್ಯೆ ನನ್ನದೆಂದೆ. ಫೀಲ್ಡ್ ಬುಕ್ಕಿನಲ್ಲಿ ಅಳತೆಯ ತಾರೀಕು ತೋರಿಸಿದೆ, ಏಪ್ರಿಲ್ ಕೊನೆ.

ಅಧಿಕಾರಿ ಕೇಳಿದರು, “ತೊರೆ ಅಂತ ನಿಮಗೆ ಹೇಗೆ ಗೊತ್ತು?”

“ಅಲ್ಲೇ ಈಜು ಕಲ್ತಿದ್ದು.”

ಹಿಂದಿನಿಂದ ಮೆಕ್ಯಾನಿಕ್ಕಿನ ದನಿ: “ಒಣ ಚರಂಡೀಲಿ ಈಜಿದ ಮೊದಲನೆಯವರು ನೀವೇ ಮೇಡಂ.”

ಹಾಲ್ ಪೂರ್ತಿ ನಕ್ಕಿತು. ಅಧಿಕಾರಿಯೂ. ನನಗೂ ನಗು ಬಂತು, ಕೆಟ್ಟದಾಗಿ. ಅಣ್ಣ ನಗಲಿಲ್ಲ. ಅವನ ಸರದಿ ಬಂದಾಗ ಬಾಟಲಿ ಹೊರಗೆ ತೆಗೆಯಲಿಲ್ಲ. ಇಷ್ಟೇ ಹೇಳಿದ: “ಮಕ್ಕಳಿಗೆ ಕಪ್ಪೆ ಅಂದ್ರೆ ಪುಸ್ತಕದಲ್ಲಿರೋದು ಅನ್ನೋ ಹಾಗಾಗಿದೆ. ಸರ್ಕಾರ ಮಾಡ್ಲಿ ಅಂತ ಕೂತ್ರೆ ನಾವು ಬೇಯ್ತೀವಿ. ನಮ್ಮ ಮನೆ ಮುಂದಿನದನ್ನ ನಾವೇ ತೆಗೀಬೇಕು. ಒಂದು ತುಂಡು ತೆಗೆದು ನೋಡೋಣ. ಆಗ್ಲಿಲ್ಲ ಅಂದ್ರೆ ನಾನೇ ಮುಚ್ಚಿಸ್ತೀನಿ.”

ಅರವತ್ತು ಮೀಟರಿಗೆ ಒಪ್ಪಿಗೆ. ಪ್ರಯೋಗಾರ್ಥ. ಮಳೆಗಾಲ ಮುಗಿಯುವ ತನಕ.

ಹೊರಗೆ ಜನ ಅವನ ಕೈ ಕುಲುಕುತ್ತಿದ್ದರು. ನಾನು ಇನ್ನೊಂದು ಬಾಗಿಲಿಂದ ಬಂದೆ.

ಜೂನ್ 15, ಭಾನುವಾರ

ಎಂಟನೆಯ ಭಾನುವಾರ. ಹೋಗಿಲ್ಲ. ಅವನು ಕರೆದಿಲ್ಲ. ಅತ್ತಿಗೆ ಫೋನಿನಲ್ಲಿ, “ನಿಮ್ಮಣ್ಣ ಮೂರ್ಹೊತ್ತೂ ಆ ಹೊಂಡದಲ್ಲೇ. ಮಾತಿಲ್ಲ ಕತೆಯಿಲ್ಲ. ನೀನಾದ್ರೂ ಬಾರೇ.” ಬರುತ್ತೇನೆ ಅಂದೆ.

ನನ್ನ ಮೇಲಿನ ಇಲಾಖಾ ವಿಚಾರಣೆಯ ನೋಟೀಸು ಬಂದಿದೆ. ಉತ್ತರ ಟೈಪ್ ಮಾಡಿ ಆಯಿತು. ಅದು ಸುಲಭ.

ಸಂಜೆ ಬಸ್ಸಿನಲ್ಲಿ ಆ ದಾರಿಯಾಗಿ ಬಂದೆ, ಇಳಿಯಲಿಲ್ಲ. ಮೆಕ್ಯಾನಿಕ್ ತನ್ನದೇ ಚೈನ್ ಪುಲ್ಲಿ ಕಟ್ಟಿ ಚಪ್ಪಡಿ ಎತ್ತುತ್ತಿದ್ದ. ಶೆಡ್ಡನ್ನು ತಾನಾಗಿಯೇ ಹತ್ತು ಅಡಿ ಹಿಂದಕ್ಕೆ ಎಳೆದುಕೊಂಡಿದ್ದಾನೆ. ಅಣ್ಣ ಮೊಣಕಾಲಿನವರೆಗೆ ಕೆಸರಲ್ಲಿ. ಪ್ಲಾಸ್ಟಿಕ್, ಟೈರು, ಕಪ್ಪು ಹೂಳು. ವಾಸನೆ ಕಿಟಕಿಯೊಳಗೂ ಬಂತು. ಮುಂದಿನ ಸೀಟಿನವನು ಮೂಗು ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ.

ಅಣ್ಣನ ಬೆನ್ನು ಬಾಗಿದೆ. ಅರವತ್ತರ ಹತ್ತಿರ. ಯಾವಾಗ ಆಯಿತೋ.

ಜೂನ್ 29

ಮಳೆ. ಎರಡು ದಿನದಿಂದ ಬಿಟ್ಟಿಲ್ಲ. ಅತ್ತಿಗೆಯ ಮೆಸೇಜು: ಕೆಳಗಿನ ಶೆಲ್ಫಿಗೆ ಈ ಸಲ ನೀರು ಬರಲಿಲ್ಲ.

ಅಷ್ಟೇ ಬರೆದಿದ್ದರು. ನಾಲ್ಕು ಸಲ ಓದಿದೆ.

ಜುಲೈ 12, ಶನಿವಾರ, ಬೆಳಿಗ್ಗೆ 7.40

ಅಣ್ಣನ ಫೋನು.

“ಜೊಂಡಿನ ಬುಡದಲ್ಲಿ ಬೆಳ್ಳಗೆ ಏನೋ ಇದೆ. ಮೆಕ್ಯಾನಿಕ್ ಕಪ್ಪೆ ಮೊಟ್ಟೆ ಅಂತಾನೆ. ಅವನಿಗೇನು ಗೊತ್ತು, ಗ್ರೀಸು ಬಿಟ್ರೆ. ನಂಗೆ ಸೋಪಿನ ನೊರೆ ಥರ ಕಾಣತ್ತೆ. ಇವರೆಲ್ಲ ಈಗ್ಲೇ ಬೀದಿಗೆಲ್ಲ ಹೇಳ್ಬಿಟ್ಟಿದಾರೆ. ಬಂದು ನೋಡಿ ಹೇಳು.”

ಎರಡೂವರೆ ತಿಂಗಳ ಮೇಲೆ. ಚೆನ್ನಾಗಿದೀಯಾ ಎನ್ನಲಿಲ್ಲ. ನಾನೂ ಕೇಳಲಿಲ್ಲ. “ಬೂಟು ಹಾಕ್ಕೊಂಡು ಬಾ, ಜಾರತ್ತೆ” ಎಂದು ಇಟ್ಟುಬಿಟ್ಟ.

ಬೂಟು ಮಂಚದಡಿ ಸಿಕ್ಕಿತು. ಒಂದರೊಳಗೆ ಜೇಡ. ಬಸ್ಸಿಗೆ ಇನ್ನು ಹತ್ತು ನಿಮಿಷ.

ಮೊಟ್ಟೆಯಾಗಿರಲಿ ಎಂದು ಎಷ್ಟು ಆಸೆಯಾಗುತ್ತಿದೆ. ಆದರೆ ನೊರೆಯಾಗಿದ್ದರೆ ನೊರೆ ಎಂದೇ ಹೇಳಬೇಕು, ಅಷ್ಟು ಜನರ ಮುಂದೆ. ಹೇಳಿ, ಅವನು ಎದ್ದು ಹೋಗದಿದ್ದರೆ, ದಡದಲ್ಲಿ ಅವನ ಪಕ್ಕ ಸ್ವಲ್ಪ ಹೊತ್ತು ಕೂರಬೇಕು.