ಗುಲಾಬಿ ಮೈ, ಕಪ್ಪು ಕಾಲ್ತುದಿ

ಜೂನ್ 3, ಬೆಳಿಗ್ಗೆ 7

ಇವರಿಗೆ ಕಾಫಿ ಕೊಟ್ಟು, ಮಿಠಾಯಿಯ ಜಾಡಿಗೆ ನೀರು ಚಿಮುಕಿಸಿ ಕೂತೆ. ಮದುವೆಯಾಗಿ ಇಪ್ಪತ್ತಾರು ದಿನ. ಹಲ್ಲುಜ್ಜುವಾಗಲೂ ಸುಮ್ಮಸುಮ್ಮನೆ ನಗು ಬರುತ್ತದೆ.

ಮಿಠಾಯಿ ನನ್ನ ಟರಾಂಟುಲಾ ಜೇಡ. ಹನ್ನೊಂದು ದಿನದಿಂದ ಉಪವಾಸ. ಜಿರಲೆಮರಿ ಹಾಕಿದರೆ ಕಾಲಲ್ಲಿ ತಳ್ಳುತ್ತಾಳೆ. ಹೊಟ್ಟೆ ಉಬ್ಬಿ ಮಂಕಾಗಿದೆ — ಪೊರೆ ಬಿಡುವ ಲಕ್ಷಣ. ಈ ಜಾತಿಯದು ಮರಿಯಾಗಿದ್ದಾಗ ಮೈ ಗುಲಾಬಿ, ಕಾಲ್ತುದಿ ಕಪ್ಪು. ಒಂದೊಂದು ಪೊರೆಗೂ ಬಣ್ಣ ಅದಲುಬದಲಾಗುತ್ತ ಹೋಗಿ, ಬೆಳೆದ ಮೇಲೆ ಮೈಯೆಲ್ಲ ಕಪ್ಪು ಮಖಮಲ್ಲು, ಎಂಟು ಕಾಲ್ತುದಿ ಮಾತ್ರ ಗುಲಾಬಿ. ನೇಲ್ ಪಾಲಿಶ್ ಹಚ್ಚಿಕೊಂಡ ಹಾಗೆ... ಎರಡು ವರ್ಷ ಸಾಕಿದೆ. ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದೆ. ಈ ಸಲ ಪೂರ್ತಿ ಬಣ್ಣ ಬರುತ್ತದೆ.

ನಿಶ್ಚಯವಾದ ಮೇಲೆ ಫೋನಿನಲ್ಲಿ ಇವರಿಗೆ ಗಂಟೆಗಟ್ಟಲೆ ಹೇಳುತ್ತಿದ್ದುದು ಇದನ್ನೇ. ಬೆನ್ನ ಮೇಲೆ ಮಗುಚಿ ಮಲಗುತ್ತದೆ, ಸತ್ತ ಹಾಗೆ ಕಾಣುತ್ತದೆ, ಸತ್ತಿರುವುದಿಲ್ಲ, ಮುಟ್ಟಬಾರದು. ಎಷ್ಟು ತಾಳ್ಮೆಯಿಂದ ಕೇಳುತ್ತಿದ್ದರು. ಸೋ ಸ್ವೀಟ್.

ಅತ್ತಿಗೆ — ಇವರ ಅಕ್ಕ, ನಮ್ಮ ಜೊತೆಗೇ ಇರುವವರು — ಜಾಡಿ ಕಂಡರೆ ಮೂಗು ಮುರಿಯುತ್ತಾರೆ. "ಬೇರೆ ಮನೆ ಸೊಸೆಯಂದಿರು ಬೆಕ್ಕು ತರ್ತಾರೆ, ಗಿಳಿ ತರ್ತಾರೆ. ನಮ್ಮನೆಗೆ ಕೂದಲು ಬೆಳೆದ ಏಡಿ ಬಂತು."

ಜೂನ್ 5, 8.40

ಮಗುಚಿದ್ದಾಳೆ. ಕೊನೆಗೂ.

ಇವತ್ತೇ ಆಗಬೇಕೇ... ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ನಾನೊಬ್ಬಳೇ. ಹೋಗಲೇಬೇಕು. ಅತ್ತಿಗೆಗೆ ಎರಡೆರಡು ಸಲ ಹೇಳಿದೆ. ಇವರು ಸ್ನಾನಕ್ಕೆ ಹೋಗಿದ್ದರು. ಇವರಿಗೆ ಹೇಳುವುದೇನಿದೆ, ಎಲ್ಲ ಗೊತ್ತು.

ಜೂನ್ 5, ಸಂಜೆ

ಜಾಡಿ ತೊಳೆದು ಪಾತ್ರೆಗಳ ಜೊತೆ ಬೋರಲು ಹಾಕಿತ್ತು.

"ಸತ್ತು ಬಿದ್ದಿತ್ತಮ್ಮ. ನಾನೇ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟೆ," ಎಂದರು ಅತ್ತಿಗೆ. ಮುಖ ನೋಡಲಿಲ್ಲ.

"ಬೆಳಿಗ್ಗೆ ತಾನೇ ಹೇಳಿದ್ನಲ್ಲ ಅತ್ತಿಗೆ."

"ಮರೆತುಹೋಯ್ತು."

ಇವರು ಬೆನ್ನು ಸವರಿದರು. "ಬಿಡು ಚಿನ್ನ. ಅಕ್ಕಂಗೆ ವಯಸ್ಸಾಯ್ತು."

ಅಕ್ಕನಿಗೆ ನಲವತ್ತೆರಡು.

ಬಿಡುವುದಿಲ್ಲ.

ಜೂನ್ 9

ಮಿಠಾಯಿಯ ಹಿಂದಿನ ಪೊರೆ ಡಬ್ಬಿಯಲ್ಲಿತ್ತು. ಬಿಸಿನೀರಿನಲ್ಲಿ ನೆನೆಸಿ, ಸ್ಪಂಜಿನ ಮೇಲೆ ಎಂಟೂ ಕಾಲು ಬಿಡಿಸಿ, ಗುಂಡುಪಿನ್ನು ಚುಚ್ಚಿ ಒಣಗಿಸಿದೆ. ಥೇಟ್ ಜೀವಂತ ಜೇಡ. ಅತ್ತಿಗೆಯ ವಾಕಿಂಗ್ ಶೂ ಒಳಗಿಟ್ಟೆ. ನಾಳೆ ಅವರ ಕೂಗು ಬೀದಿಗೆಲ್ಲ ಕೇಳಬೇಕು. ನಾಲ್ಕು ದಿನದ ಮೇಲೆ ಹಸಿವಾಯಿತು.

ಜೂನ್ 10

ಕೂಗಲಿಲ್ಲ. ಪೊರೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡರು.

"ವಿಳಾಸ ತಪ್ಪಾಯ್ತು ಕಣೆ. ಇದು ನಿನ್ನ ಗಂಡನ ಶೂನಲ್ಲಿ ಇರ್ಬೇಕಿತ್ತು."

ಅರ್ಥವಾಗಲಿಲ್ಲ.

"ನಾನು ಹಿತ್ತಲಲ್ಲಿ ಬಟ್ಟೆ ಹರವಿ ಬರೋಷ್ಟರಲ್ಲಿ ಎಸೆದುಬಿಟ್ಟಿದ್ದ. ಅದು ಸತ್ತಿರ್ಲಿಲ್ಲ ಅಂತ ಗೊತ್ತಾದ ಮೇಲೆ, ‘ನೀನೇ ಅಂತ ಹೇಳಕ್ಕ, ಇಲ್ಲಾಂದ್ರೆ ನನ್ನ ಮುಖ ನೋಡಲ್ಲ ಅವಳು’ ಅಂತ ಗೋಗರೆದ. ಒಪ್ಕೊಂಡೆ."

"ಅವ್ರಿಗೆ ಗೊತ್ತಿತ್ತು ಅತ್ತಿಗೆ. ಫೋನಲ್ಲಿ ಎಷ್ಟು ಸಲ..."

"ಫೋನ್ ಸ್ಪೀಕರಿಗೆ ಹಾಕಿ ಮ್ಯಾಚ್ ನೋಡ್ತಿದ್ದ. ಮಧ್ಯೆ ಮಧ್ಯೆ ಹೂಂ ಅಂತಿದ್ದ. ಪೂರ್ತಿ ಕೇಳಿಸ್ಕೊಂಡೋಳು ನಾನು."

ಜೂನ್ 22

ಇವರಿಗೆ ಏನೂ ತೋರಿಸಿಕೊಂಡಿಲ್ಲ. ಕಾಲೇಜಿನ ಗೆಳತಿಯ ಹತ್ತಿರದಿಂದ ಅದೇ ಜಾತಿಯ ಮರಿ ತಂದೆ. ರಿಬ್ಬನ್ ಕಟ್ಟಿ ಇವರ ಕೈಯಲ್ಲಿಟ್ಟೆ.

"ನಂಗಾ?"

"ನಿಮಗೇ ರೀ. ಅಷ್ಟು ಪ್ರೀತಿಯಿಂದ ಎಲ್ಲ ಕೇಳಿಸ್ಕೊಂಡಿದ್ರಿ. ನೀವೇ ಸಾಕಬೇಕು."

ಜಾಡಿ ಇವರ ದಿಂಬಿನ ಪಕ್ಕದ ಟೇಬಲ್ಲಿನ ಮೇಲೆ. ನೀರು ಚಿಮುಕಿಸುವುದು ಇವರೇ, ಜಿರಲೆಮರಿ ಹಿಡಿದು ಹಾಕುವುದೂ ಇವರೇ. ಹಾಕಿದ್ದೇ ಮುಚ್ಚಳ ಧಡಕ್ಕನೆ ಮುಚ್ಚುತ್ತಾರೆ. ಅತ್ತಿಗೆ ಬಾಗಿಲಲ್ಲಿ ನಿಂತು, "ಮೆಲ್ಲಗೆ ಕಣೋ, ನಿನ್ನ ಮಗಳು ಅವಳು," ಎನ್ನುತ್ತಾರೆ.

ಪೂರ್ತಿ ಬಣ್ಣ ಬರಲು ಇನ್ನೂ ಆರು ಪೊರೆ. ಸುಮಾರು ಎರಡು ವರ್ಷ. ಒಂದೊಂದನ್ನೂ ಪಕ್ಕದಲ್ಲಿ ಕೂತು ನೋಡಬೇಕು ಎಂದಿದ್ದೇನೆ. ಇವರನ್ನು ಈಗಲೂ ತುಂಬಾ ತುಂಬಾ ಪ್ರೀತಿಸುತ್ತೇನೆ. ಬಿಟ್ಟುಕೊಡುವ ಹಾಗಿಲ್ಲ, ಅಷ್ಟೇ.

ಆಗಸ್ಟ್ 2, ಭಾನುವಾರ, 10.15

ಮಗುಚಿದೆ. ಕುರ್ಚಿ ಹಾಕಿ ಇವರನ್ನು ಕೂರಿಸಿದೆ. ಇವತ್ತೂ ಮ್ಯಾಚ್ ಇದೆ. ಟಿ.ವಿ. ರಿಮೋಟ್ ಅತ್ತಿಗೆಯ ಹತ್ತಿರ.

10.50

ಬೆನ್ನಿನ ಚಿಪ್ಪು ಸೀಳಿತು. "ಸತ್ತಿಲ್ಲ ಅಲ್ವಾ?" ಎಂದು ಮೂರನೆಯ ಸಲ ಕೇಳಿದರು. ಹಣೆಯಲ್ಲಿ ಬೆವರು. ಒರೆಸಬೇಕೆನಿಸಿತು. ಒರೆಸಲಿಲ್ಲ.

11.20

ಹಳೆಯ ಪೊರೆಯೊಳಗಿಂದ ಕಾಲು ಎಳೆದುಕೊಳ್ಳುತ್ತಿದೆ. ಎಷ್ಟು ಮೆತ್ತಗೆ, ಎಷ್ಟು ನಿಧಾನ. ಇವರು ಕಣ್ಣು ಕೀಳದೆ ನೋಡುತ್ತಿದ್ದಾರೆ. ಮುಖ ಬಿಳಿಚಿದೆ.

"ಅವತ್ತು ಅದೂ ಹೀಗೇ... ಚಿನ್ನ, ಅವತ್ತು ಅಕ್ಕ ಅಲ್ಲ, ನಾ—"

"ಷ್," ಎಂದೆ. "ಮಾತಾಡ್ಬೇಡಿ. ನೋಡಿ."

ಹೇಳಿ ಹಗುರಾಗುವುದು ಈಗಲೇ ಬೇಡ. ಇನ್ನೂ ಐದು ಪೊರೆ ಇದೆ.